ಮುಪ್ಪಿನ ಮರ್ಮ

ಹುಟ್ಟಿದ ಜೀವಿ ಸಾಯುತ್ತದೆ. ಅಪಘಾತಕ್ಕೋ ರೋಗಕ್ಕೋ ತುತ್ತಾಗದೆ ಉಳಿದರೆ, ಸಾಯುವ ಮೊದಲು ಮುದಿಯಾಗುತ್ತದೆ. ಈ ಮಾತು ಎಷ್ಟು ಸಹಜವಾಗಿ ತೋರುತ್ತದೆಯೆಂದರೆ ಇದರಲ್ಲಿ ಕೇಳಬೇಕಾದ ಪ್ರಶ್ನೆಯೊಂದು ಅಡಗಿದೆಯೆಂದು ಹಲವರಿಗೆ ಅನ್ನಿಸುವುದೇ ಇಲ್ಲ. ನೇಗಿಲಿನ ಕುಳ ಸವೆಯುತ್ತದೆ, ಗಾಡಿಯ ಕೀಲು ಸಡಿಲಗೊಳ್ಳುತ್ತದೆ, ಉಟ್ಟ ಬಟ್ಟೆ ಜೀರ್ಣವಾಗುತ್ತದೆ. ಹಾಗೆಯೇ ದೇಹವೂ ಬಳಸಿದಂತೆಲ್ಲ ಸವೆದು ಒಂದು ದಿನ ನಿಂತುಹೋಗುತ್ತದೆ ಎಂಬ ವಿವರಣೆಯಿಂದ ಜನ ತೃಪ್ತರಾಗುತ್ತಾರೆ. ಆದರೆ ಈ ಹೋಲಿಕೆಯನ್ನು ತುಸು ಎಚ್ಚರದಿಂದ ಪರಿಶೀಲಿಸಿದರೆ ಅದರಲ್ಲಿ ದೊಡ್ಡದೊಂದು ಲೋಪ ಕಾಣುತ್ತದೆ.

ಮೊಂಡಾದ ಕುಳ ತನ್ನನ್ನು ತಾನೇ ಹರಿತಗೊಳಿಸಿಕೊಳ್ಳಲಾರದು. ಅದನ್ನು ಕಮ್ಮಾರನ ಕುಲುಮೆಗೆ ಒಯ್ಯಬೇಕು. ಜೀವಿಯಾದರೋ ತನ್ನ ಕಮ್ಮಾರನನ್ನು ತನ್ನೊಳಗೇ ಇಟ್ಟುಕೊಂಡಿದೆ. ಗಾಯ ಮಾಯುತ್ತದೆ, ಮುರಿದ ಎಲುಬು ಕೂಡಿಕೊಳ್ಳುತ್ತದೆ. ಮಾನವನ ರಕ್ತದಲ್ಲಿರುವ ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನ ಮಾತ್ರ. ಹಳೆಯವು ಅಳಿದಂತೆ ಎಲುಬಿನ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳು ಸಿದ್ಧವಾಗುತ್ತಿರುತ್ತವೆ. ಕರುಳಿನ ಒಳಪದರ ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗುತ್ತದೆ. ಚರ್ಮದ ಹೊರಪದರಕ್ಕೆ ಸುಮಾರು ಒಂದು ತಿಂಗಳು ಸಾಕು. ಜೀವಕೋಶದೊಳಗೆ ಡಿಎನ್‌ಎ ಎಂಬ ಆನುವಂಶಿಕ ದ್ರವ್ಯಕ್ಕೆ ದಿನವೂ ಸಾವಿರಾರು ಕಡೆ ಪೆಟ್ಟು ಬೀಳುತ್ತದೆ. ಅವನ್ನು ಹುಡುಕಿ ತಿದ್ದುವ ಪ್ರೋಟೀನುಗಳೂ ಅಲ್ಲಿಯೇ ಇವೆ. ಒಂದೇ ಒಂದು ಫಲಿತ ಅಂಡಾಣುವಿನಿಂದ ಹೊರಟು ಕಣ್ಣು, ಮೆದುಳು, ಹೃದಯಗಳನ್ನೆಲ್ಲ ಕಟ್ಟಿ ನಿಲ್ಲಿಸಬಲ್ಲ ದೇಹವು, ಹಾಗೆ ಕಟ್ಟಿದ್ದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲಾರದೆ ಸೋಲುವುದೇಕೆ? ಕಟ್ಟುವುದಕ್ಕಿಂತ ಕಾಪಾಡುವುದು ಸುಲಭವಲ್ಲವೇ? ಮುಪ್ಪಿನ ಸಮಸ್ಯೆಯ ತಿರುಳು ಇರುವುದು ಇಲ್ಲಿ.

ಈ ತಿರುಳನ್ನು ಆನೆಯ ಬಾಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಬೆಳೆದ ಆನೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವು ತಿನ್ನುತ್ತದೆ. ಹುಲ್ಲು, ಬಿದಿರು, ಮರದ ತೊಗಟೆ, ಹೀಗೆ ಎಲ್ಲವೂ ಒರಟು ಪದಾರ್ಥಗಳು. ಇವನ್ನು ಅರೆಯಲು ಅದರ ಬಾಯಲ್ಲಿ ಬೀಸುಕಲ್ಲಿನಂತಹ ದವಡೆಹಲ್ಲುಗಳಿವೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಒಂದೊಂದರಂತೆ ಮುಖ್ಯವಾಗಿ ನಾಲ್ಕು ಹಲ್ಲುಗಳು ಒಮ್ಮೆಗೆ ಕೆಲಸ ಮಾಡುತ್ತವೆ. ಮುಂದಿನ ಹಲ್ಲು ಸವೆದು ಚೂರುಚೂರಾಗಿ ಉದುರಿದಂತೆ ಹಿಂದಿನಿಂದ ಇನ್ನೊಂದು ಮೆಲ್ಲನೆ ಮುಂದಕ್ಕೆ ಸರಿದು ಬಂದು ಅದರ ಸ್ಥಾನವನ್ನು ತುಂಬುತ್ತದೆ. ಆನೆಯ ಜೀವಮಾನದಲ್ಲಿ ಹೀಗೆ ದವಡೆಹಲ್ಲುಗಳ 6 ಸರದಿಗಳು ಬರುತ್ತವೆ. ಎಲ್ಲಕ್ಕಿಂತ ದೊಡ್ಡದಾದ ಆರನೆಯದು 40ರ ವಯಸ್ಸಿನ ಸುಮಾರಿಗೆ ಬಳಕೆಗೆ ಬಂದು 60 ದಾಟುವ ಹೊತ್ತಿಗೆ ಸವೆದುಹೋಗುತ್ತದೆ. ಏಳನೆಯದು ಸಾಮಾನ್ಯವಾಗಿ ಬರುವುದೇ ಇಲ್ಲ. ಮೈಯಲ್ಲಿ ಬೇರಾವ ದೋಷವಿಲ್ಲದಿದ್ದರೂ ಮೇವನ್ನು ಅರೆಯಲಾರದ ಮುದಿ ಆನೆ ನೀರಿನ ಬದಿಯ ಮೆದು ಹುಲ್ಲನ್ನು ಹುಡುಕಿಕೊಂಡು ಅಲೆಯುತ್ತ, ಕ್ರಮೇಣ ಸೊರಗಿ ಸಾಯುತ್ತದೆ. ಮನುಷ್ಯರ ಆರೈಕೆಯಲ್ಲಿರುವ ಆನೆಗಳು ಕೆಲವೊಮ್ಮೆ ಇದಕ್ಕೂ ಹೆಚ್ಚು ಕಾಲ ಬದುಕುವುದುಂಟು. ತೈಪೆ ನಗರದ ಮೃಗಾಲಯದಲ್ಲಿದ್ದ ಲಿನ್ ವಾಂಗ್ ಎಂಬ ಏಷ್ಯದ ಆನೆ 2003ರಲ್ಲಿ ಸತ್ತಾಗ ಅದಕ್ಕೆ 86 ವರ್ಷ ವಯಸ್ಸಾಗಿತ್ತು.

ಆರು ಸಲ ಹಲ್ಲು ಬೆಳೆಸಬಲ್ಲ ದೇಹಕ್ಕೆ ಏಳನೆಯ ಸಲ ಬೆಳೆಸುವುದು ಅಸಾಧ್ಯವೇ? ಹಾಗೆ ಹೇಳಲಾಗದು. ಮೊಸಳೆ ತನ್ನ ಜೀವಮಾನದಲ್ಲಿ ಮತ್ತೆ ಮತ್ತೆ ಹಲ್ಲುಗಳನ್ನು ಬದಲಿಸುತ್ತದೆ. ಶಾರ್ಕ್ ಮೀನಿನ ಬಾಯಲ್ಲಿ ಒಂದು ಸಾಲು ಉದುರಿದರೆ ಹಿಂದಿನ ಸಾಲು ಸಿದ್ಧವಾಗಿರುತ್ತದೆ. ಮನುಷ್ಯನಿಗೆ ಹಾಲುಹಲ್ಲು ಮತ್ತು ಶಾಶ್ವತದಂತ ಎಂದು ಎರಡೇ ಸರದಿ. ಈ ಎರಡನೆಯದನ್ನು ಶಾಶ್ವತವೆಂದು ಕರೆದವರು ಆಶಾವಾದಿಗಳಿರಬೇಕು. ಸವೆತವೆಂಬುದು ಎಲ್ಲ ಬಾಯಿಗಳಲ್ಲೂ ಇದೆ. ಸವೆದುದನ್ನು ಎಷ್ಟು ಸಲ ತುಂಬಿಕೊಡಬೇಕೆಂಬ ಲೆಕ್ಕ ಮಾತ್ರ ಒಂದೊಂದು ಜಾತಿಯಲ್ಲಿ ಒಂದೊಂದು ಬಗೆ. ಆದುದರಿಂದ ವಿವರಣೆ ಬೇಕಾಗಿರುವುದು ಸವೆತಕ್ಕಲ್ಲ, ಆ ಲೆಕ್ಕಕ್ಕೆ.

ಆಯುಸ್ಸಿನ ಅಂತರಗಳೂ ಇದನ್ನೇ ಸೂಚಿಸುತ್ತವೆ. ಮನೆಯಲ್ಲಿ ಓಡಾಡುವ ಚಿಕ್ಕ ಇಲಿ ಬೆಕ್ಕಿಲ್ಲದ ಪಂಜರದಲ್ಲಿ ಸುಖವಾಗಿದ್ದರೂ ಎರಡು ಮೂರು ವರ್ಷಗಳಲ್ಲಿ ಮುದಿಯಾಗಿ ಸಾಯುತ್ತದೆ. ಅದಕ್ಕಿಂತಲೂ ಹಗುರವಾದ, ಕೇವಲ 7 ಗ್ರಾಂ ತೂಗುವ ಒಂದು ಜಾತಿಯ ಬಾವಲಿ ಸೈಬೀರಿಯದಲ್ಲಿ 41 ವರ್ಷ ಬದುಕಿದ್ದು ದಾಖಲಾಗಿದೆ. ಉತ್ತರ ಧ್ರುವ ಸಮುದ್ರದ ಬೋಹೆಡ್ ತಿಮಿಂಗಿಲ 200 ವರ್ಷಗಳನ್ನು ಮೀರಬಲ್ಲದು. ಗ್ರೀನ್‌ಲ್ಯಾಂಡ್ ಶಾರ್ಕ್‌ಗಳ ಕಣ್ಣಿನ ಮಸೂರವನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವುಗಳ ಆಯುಸ್ಸು ಕನಿಷ್ಠ 270 ವರ್ಷಗಳಿರಬೇಕೆಂದು 2016ರಲ್ಲಿ ಪ್ರಕಟಿಸಿದರು. ಅಮೆರಿಕದ ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ 4,800 ವರ್ಷಗಳನ್ನು ಕಳೆದ ಬ್ರಿಸಲ್‌ಕೋನ್ ಪೈನ್ ಮರವಿದೆ. ಇವೆಲ್ಲವೂ ಒಂದೇ ಬಗೆಯ ಜೀವದ್ರವ್ಯದಿಂದ, ಒಂದೇ ಬಗೆಯ ಕೋಶಗಳಿಂದ ಆದವು ಎಂಬುದನ್ನು ಮರೆಯಬಾರದು.

ಸಾವು ಮತ್ತು ಮುಪ್ಪು ಒಂದೇ ಅಲ್ಲ ಎಂಬುದನ್ನೂ ಇಲ್ಲಿ ತಿಳಿಯಬೇಕು. ಲಂಡನ್ನಿನ ವಿಮಾಗಣಿತಜ್ಞ ಬೆಂಜಮಿನ್ ಗೊಂಪರ್ಟ್ಸ್ 1825ರಲ್ಲಿ ಸಾವಿನ ಪಟ್ಟಿಗಳನ್ನು ಪರಿಶೀಲಿಸಿ ವಿಚಿತ್ರವಾದ ನಿಯಮವೊಂದನ್ನು ಕಂಡುಹಿಡಿದ. ಪ್ರಾಯಕ್ಕೆ ಬಂದ ಮನುಷ್ಯ ಮುಂದಿನ ಒಂದು ವರ್ಷದೊಳಗೆ ಸಾಯುವ ಸಂಭವ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಅದು ನಿಯತವಾದ ಕಾಲಾವಧಿಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ಈಗಿನ ಲೆಕ್ಕದಂತೆ ಆ ಅವಧಿ ಸುಮಾರು 8 ವರ್ಷ. ಈ ಏರಿಕೆಯೇ ಮುಪ್ಪು. ಏರಿಕೆಯಿಲ್ಲದ ಜೀವಿಗೂ ಸಾವು ಬರಬಹುದು. ಆದರೆ ಅದು ಹೊರಗಿನಿಂದ ಬರುವ ಸಾವು. ಸಿಹಿನೀರಿನ ಕೊಳಗಳಲ್ಲಿರುವ ಹೈಡ್ರ ಎಂಬ ಪುಟ್ಟ ಜೀವಿಯನ್ನು ಪ್ರಯೋಗಶಾಲೆಯಲ್ಲಿ ನಾಲ್ಕು ವರ್ಷ ಕಾದು ನೋಡಿದ ಡೇನಿಯಲ್ ಮಾರ್ಟಿನೆಸ್‌ಗೆ ಅವುಗಳ ಸಾವಿನ ಪ್ರಮಾಣದಲ್ಲಿ ಯಾವ ಏರಿಕೆಯೂ ಕಾಣಲಿಲ್ಲ. ಈ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಹೈಡ್ರದ ಮೈಯಲ್ಲಿ ಹೊಸ ಕೋಶಗಳು ಎಡೆಬಿಡದೆ ಹುಟ್ಟುತ್ತಿದ್ದು ಹಳೆಯವನ್ನು ಹೊರದೂಡುತ್ತವೆ.

ಅಮೀಬದಂತಹ ಏಕಕೋಶ ಜೀವಿಗಳ ವಿಷಯದಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಅಮೀಬ ಬೆಳೆದು ಎರಡಾಗುತ್ತದೆ. ಆಗ ಸತ್ತದ್ದು ಯಾವುದು? ಶವವೆಲ್ಲಿ? ಜರ್ಮನಿಯ ಜೀವವಿಜ್ಞಾನಿ ಆಗಸ್ಟ್ ವೈಸ್‌ಮನ್ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು ಮುಖ್ಯವಾದ ವಿಚಾರವೊಂದನ್ನು ಮುಂದಿಟ್ಟ. ಬಹುಕೋಶ ಜೀವಿಗಳಲ್ಲಿ ಕೋಶಗಳು ಎರಡು ಪಂಗಡವಾಗಿವೆ. ಅಂಡಾಣು, ವೀರ್ಯಾಣುಗಳನ್ನು ಕೊಡುವ ಸಂತಾನಕೋಶಗಳು ಒಂದು. ಉಳಿದ ದೇಹವನ್ನೆಲ್ಲ ಕಟ್ಟುವ ದೇಹಕೋಶಗಳು ಇನ್ನೊಂದು. ಸಾಯುವುದು ದೇಹಕೋಶಗಳ ಪಂಗಡ. ಸಂತಾನಕೋಶಗಳ ಸಾಲು ತಾಯಿಯಿಂದ ಮಗುವಿಗೆ, ಮಗುವಿನಿಂದ ಮೊಮ್ಮಗುವಿಗೆ ಎಲ್ಲಿಯೂ ಕಡಿಯದೆ ಸಾಗಿಬಂದಿದೆ. ಇಂದು ಜೀವಿಸಿರುವ ಪ್ರತಿಯೊಂದು ಪ್ರಾಣಿಯ ಹಿಂದೆಯೂ ಸಾವನ್ನು ಕಾಣದ ಕೋಶಗಳ ಸರಪಳಿ ಇದೆ. ಅದರ ಉದ್ದ 300 ಕೋಟಿ ವರ್ಷಗಳಿಗೂ ಹೆಚ್ಚು.

ಸಸ್ಯಗಳಲ್ಲಿ ಈ ಎರಡು ಪಂಗಡಗಳ ನಡುವಣ ಗೋಡೆ ಅಷ್ಟು ಗಟ್ಟಿಯಾಗಿಲ್ಲ. ಗೊನೆ ಬಿಟ್ಟ ಬಾಳೆ ಸಾಯುತ್ತದೆ, ಆದರೆ ಅದರ ಬುಡದ ಗೆಡ್ಡೆಯಿಂದ ಎದ್ದ ಕಂದು ಬದುಕುತ್ತದೆ. ಆ ಕಂದು ಮಗುವಲ್ಲ, ಅದೇ ಗಿಡದ ಮುಂದುವರಿಕೆ. ರೈತರು ಕಂದು ಕಿತ್ತು ನೆಡುತ್ತ ಬಂದ ತಳಿಯೊಂದು ಶತಮಾನಗಳಿಂದಲೂ ಒಂದೇ ಗಿಡವಾಗಿ ಉಳಿದಿದೆ ಎನ್ನಬಹುದು. ಆಲದ ಮರದ ಬಿಳಲು ನೆಲಕ್ಕಿಳಿದು ತಾನೇ ಕಾಂಡವಾಗುತ್ತದೆ. ಕೋಲ್ಕತ್ತದ ಬಳಿಯ ಸಸ್ಯೋದ್ಯಾನದಲ್ಲಿರುವ ಪ್ರಸಿದ್ಧ ಆಲದ ಮರದ ಮೂಲ ಕಾಂಡಕ್ಕೆ ಬೂಷ್ಟು ತಗುಲಿದ್ದರಿಂದ 1925ರಲ್ಲಿ ಅದನ್ನು ಕಡಿದು ತೆಗೆದರು. ಮರ ಇಂದಿಗೂ ಹಬ್ಬುತ್ತಲೇ ಇದೆ. ಬೆಂಗಳೂರಿನ ಸಮೀಪ ರಾಮೋಹಳ್ಳಿಯಲ್ಲಿರುವ ದೊಡ್ಡ ಆಲದ ಮರವೂ ತನ್ನ ಮೂಲ ಕಾಂಡವನ್ನು ಕಳೆದುಕೊಂಡು ಬಿಳಲುಗಳ ಮೇಲೆ ನಿಂತಿದೆ.

ಇದಕ್ಕೆ ತೀರ ವಿರುದ್ಧವಾದ ದೃಶ್ಯವನ್ನು ಕರಾವಳಿಯ ಶ್ರೀತಾಳೆ ಮರದಲ್ಲಿ ನೋಡಬಹುದು. ಹಿಂದಿನವರು ಗ್ರಂಥಗಳನ್ನು ಬರೆದಿಡಲು ಇದರ ಗರಿಯನ್ನು ಬಳಸುತ್ತಿದ್ದರು. ಶ್ರೀತಾಳೆ 30ರಿಂದ 80 ವರ್ಷಗಳವರೆಗೆ ಒಂದು ಹೂವನ್ನೂ ಬಿಡದೆ ಬೆಳೆಯುತ್ತದೆ. ಬಳಿಕ ಒಮ್ಮೆ ನೆತ್ತಿಯ ಮೇಲೆ ಆರೇಳು ಮೀಟರ್ ಎತ್ತರದ ಹೂಗೊಂಚಲನ್ನು ಎತ್ತುತ್ತದೆ. ಸಸ್ಯಲೋಕದಲ್ಲಿ ಇದಕ್ಕಿಂತ ದೊಡ್ಡ ಕವಲೊಡೆದ ಹೂಗೊಂಚಲು ಇನ್ನೊಂದಿಲ್ಲ. ಲಕ್ಷಾಂತರ ಹೂಗಳು ಅರಳಿ ಕಾಯಾಗುತ್ತವೆ. ಅದುವರೆಗೆ ಕೂಡಿಟ್ಟ ಪಿಷ್ಟವೆಲ್ಲ ಆ ಕಾಯಿಗಳಿಗೆ ಹರಿದುಹೋಗಿ, ಗರಿಗಳು ಜೋತುಬಿದ್ದು, ಮರ ಒಣಗಿ ನಿಲ್ಲುತ್ತದೆ. ಬಿದಿರಿನ ಕಥೆಯೂ ಹೀಗೆಯೇ. ಬಿದಿರು ಹೂಬಿಟ್ಟರೆ ಬರಗಾಲವೆಂದು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟು. ಅದು ಬರಿಯ ಮೂಢನಂಬಿಕೆಯಲ್ಲ. ಮಿಜೋರಾಮಿನ ಬೆಟ್ಟಗಳ ಒಂದು ಜಾತಿಯ ಬಿದಿರು ಸುಮಾರು 48 ವರ್ಷಗಳಿಗೊಮ್ಮೆ ಕಾಡಿಗೆ ಕಾಡೇ ಹೂಬಿಟ್ಟು ಸಾಯುತ್ತದೆ. 1959ರ ಸುಮಾರಿಗೆ ಹಾಗಾದಾಗ ಬಿದಿರಿನ ಬೀಜ ತಿಂದು ಮಿತಿಮೀರಿ ಹೆಚ್ಚಿದ ಇಲಿಗಳು ಹೊಲಗಳಿಗೆ ನುಗ್ಗಿ ಅಲ್ಲಿ ಕ್ಷಾಮವೇ ತಲೆದೋರಿತು. ಅದೇ ಬಿದಿರು ಮತ್ತೆ 2007ರ ಸುಮಾರಿಗೆ ಹೂಬಿಟ್ಟಿತು.

ಇಂತಹ ಸಾವು ಸವೆತದಿಂದ ಬಂದುದಲ್ಲ, ಒಳಗಿನ ಆಜ್ಞೆಯಿಂದ ಬಂದುದು. ಅಮೆರಿಕದ ಜೆರೋಮ್ ವೊಡಿನ್‌ಸ್ಕಿ 1977ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಎಂಟು ತೋಳಿನ ಆಕ್ಟೋಪಸ್‌ಗಳಲ್ಲಿ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಅವನ್ನು ಕಾಯುತ್ತ ಕೂರುತ್ತದೆ, ಆಹಾರವನ್ನು ತೊರೆಯುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಅದರ ಕಣ್ಣುಗಳ ಹಿಂಭಾಗದಲ್ಲಿರುವ ಎರಡು ಚಿಕ್ಕ ಗ್ರಂಥಿಗಳನ್ನು ವೊಡಿನ್‌ಸ್ಕಿ ಶಸ್ತ್ರಕ್ರಿಯೆಯಿಂದ ತೆಗೆದುಹಾಕಿದ. ತಾಯಿ ಮೊಟ್ಟೆಗಳನ್ನು ಬಿಟ್ಟೆದ್ದು ಮತ್ತೆ ತಿನ್ನತೊಡಗಿತು, ಮೈ ತುಂಬಿಕೊಂಡಿತು, ತಿಂಗಳುಗಟ್ಟಲೆ ಹೆಚ್ಚು ಬದುಕಿತು. ಸಾವು ಆ ಗ್ರಂಥಿಗಳಲ್ಲಿ ಬರೆದಿಟ್ಟಿದ್ದ ಕಾರ್ಯಕ್ರಮವಾಗಿತ್ತು.

ಆದರೆ ಆನೆ, ಹಸು, ಮನುಷ್ಯ ಮೊದಲಾದ ಪ್ರಾಣಿಗಳು ಹೀಗೆ ಒಮ್ಮೆಲೆ ಉರುಳುವುದಿಲ್ಲ, ಮೆಲ್ಲಮೆಲ್ಲನೆ ಕುಗ್ಗುತ್ತವೆ. ಈ ಕುಗ್ಗುವಿಕೆ ಕೋಶಗಳ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಅರಿಯಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು. ತಡವಾದುದಕ್ಕೆ ಒಂದು ತಪ್ಪು ಪ್ರಯೋಗವೂ ಕಾರಣ. ನ್ಯೂಯಾರ್ಕಿನಲ್ಲಿ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ಕೋಳಿಯ ಭ್ರೂಣದ ಹೃದಯದಿಂದ ತೆಗೆದ ಚೂರನ್ನು ಪೋಷಕದ್ರವದಲ್ಲಿಟ್ಟು ಬೆಳೆಸತೊಡಗಿದ. ಆ ಕೋಶಗಳು ಕ್ಯಾರೆಲ್ ತೀರಿಕೊಂಡ ಮೇಲೂ ಬೆಳೆಯುತ್ತಲೇ ಇದ್ದವು. 1946ರಲ್ಲಿ ಅವುಗಳ ಪಾಲನೆಯನ್ನು ಕೈಬಿಡಲಾಯಿತು. ದೇಹದಿಂದ ಬೇರ್ಪಟ್ಟ ಕೋಶಕ್ಕೆ ಸಾವಿಲ್ಲವೆಂದು ಜಗತ್ತು ನಂಬಿತು. ಕ್ಯಾರೆಲ್ ಅದೇ 1912ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ. ಅಂಥವನ ಮಾತನ್ನು ಅಲ್ಲಗಳೆಯುವವರಾರು?

ಅಲ್ಲಗಳೆದವನು ಫಿಲಡೆಲ್ಫಿಯದ ಲೆನರ್ಡ್ ಹೇಫ್ಲಿಕ್. ಸಹೋದ್ಯೋಗಿ ಪಾಲ್ ಮೂರ್‌ಹೆಡ್‌ನೊಡನೆ ಅವನು 1961ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮಾನವ ಭ್ರೂಣದ ಸಾಮಾನ್ಯ ಕೋಶಗಳು ಸುಮಾರು 50 ಬಾರಿ ಇಮ್ಮಡಿಯಾಗಿ ಅನಂತರ ವಿಭಜನೆಯನ್ನು ನಿಲ್ಲಿಸಿಬಿಡುತ್ತವೆ. ಪೋಷಕದ್ರವದ ದೋಷದಿಂದ ಹೀಗಾಗಿರಬಹುದೆಂಬ ಸಂಶಯವನ್ನು ಅವರು ಜಾಣ್ಮೆಯಿಂದ ಪರಿಹರಿಸಿದರು. ಹಲವು ಸಲ ವಿಭಜನೆಗೊಂಡ ಗಂಡಿನ ಕೋಶಗಳನ್ನೂ ಕೆಲವೇ ಸಲ ವಿಭಜನೆಗೊಂಡ ಹೆಣ್ಣಿನ ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ ಬೆಳೆಸಿದರು. ಎರಡೂ ಬಗೆಯ ಕೋಶಗಳನ್ನು ಅವುಗಳ ವರ್ಣತಂತುಗಳಿಂದ ಗುರುತಿಸುವುದು ಸುಲಭ. ಕೆಲವು ಕಾಲದ ಮೇಲೆ ನೋಡಿದರೆ ಗಂಡಿನ ಕೋಶಗಳು ಕಾಣೆಯಾಗಿದ್ದವು, ಹೆಣ್ಣಿನ ಕೋಶಗಳು ಬೆಳೆಯುತ್ತಿದ್ದವು. ದ್ರವ ಒಂದೇ, ಪಾತ್ರೆ ಒಂದೇ. ಎಣಿಕೆ ಕೋಶದ ಒಳಗೇ ಇತ್ತು. ಕೋಶಗಳನ್ನು ವರ್ಷಗಟ್ಟಲೆ ಶೈತ್ಯದಲ್ಲಿಟ್ಟು ಹೊರತೆಗೆದರೂ ಅವು ಬಿಟ್ಟ ಎಣಿಕೆಯಿಂದಲೇ ಮುಂದುವರಿದವು. ಕ್ಯಾರೆಲ್‌ನ ಪಾತ್ರೆಗೆ ಪೋಷಕದ್ರವದೊಡನೆ ಹೊಸ ಭ್ರೂಣಕೋಶಗಳೂ ಸೇರುತ್ತಿದ್ದಿರಬೇಕೆಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ.

ಆ ಎಣಿಕೆಯ ಯಂತ್ರವಾವುದು? ವರ್ಣತಂತುವಿನ ತುದಿಯಲ್ಲಿ ಟೀಲೋಮಿಯರ್ ಎಂಬ ಭಾಗವಿದೆ. ಬೂಟಿನ ದಾರದ ತುದಿ ಬಿಚ್ಚಿಕೊಳ್ಳದಂತೆ ಹಾಕಿರುವ ಹಿಡಿಯಂತೆ ಅದು ವರ್ಣತಂತುವನ್ನು ಕಾಪಾಡುತ್ತದೆ. ಕೋಶ ವಿಭಜನೆಗೊಳ್ಳುವಾಗ ಡಿಎನ್‌ಎಯ ನಕಲು ತುದಿಯವರೆಗೆ ಪೂರ್ಣವಾಗಿ ಆಗುವುದಿಲ್ಲ; ಪ್ರತಿ ಸಲವೂ ಟೀಲೋಮಿಯರ್ ತುಸು ಗಿಡ್ಡವಾಗುತ್ತದೆ. ತೀರ ಗಿಡ್ಡವಾದಾಗ ಕೋಶ ವಿಭಜನೆಯನ್ನು ನಿಲ್ಲಿಸುತ್ತದೆ. ಹೀಗಿರಬೇಕೆಂದು ರಷ್ಯದ ಅಲೆಕ್ಸಿ ಓಲೊವ್ನಿಕೊವ್ 1971ರಲ್ಲಿಯೇ ತರ್ಕಿಸಿದ್ದ. ಆದರೆ ಕೊಳದ ನೀರಿನಲ್ಲಿ ಎಣೆಯಿಲ್ಲದೆ ವಿಭಜನೆಗೊಳ್ಳುವ ಏಕಕೋಶ ಜೀವಿಗಳ ಗತಿಯೇನು? ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ಶಿಷ್ಯೆ ಕ್ಯಾರಲ್ ಗ್ರೈಡರ್ ಅಂತಹುದೇ ಜೀವಿಯಾದ ಟೆಟ್ರಹೈಮಿನದಲ್ಲಿ, ಗಿಡ್ಡವಾದ ತುದಿಯನ್ನು ಮತ್ತೆ ಉದ್ದಮಾಡುವ ಟೀಲೋಮರೇಸ್ ಎಂಬ ಕಿಣ್ವವನ್ನು 1984ರಲ್ಲಿ ಗುರುತಿಸಿದರು. ಜ್ಯಾಕ್ ಶಾಸ್ಟಕ್ ಅವರೊಡನೆ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಹಾಗಾದರೆ ದೇಹದ ಎಲ್ಲ ಕೋಶಗಳಲ್ಲೂ ಈ ಕಿಣ್ವ ಏಕೆ ಕೆಲಸ ಮಾಡಬಾರದು? ಸಂತಾನಕೋಶಗಳಲ್ಲಿ ಅದು ಮಾಡುತ್ತದೆ. ಬಹುಪಾಲು ದೇಹಕೋಶಗಳಲ್ಲಿ ಅದು ನಿದ್ರಿಸುತ್ತಿದೆ. ಅದು ಎಚ್ಚೆತ್ತು ಮೆರೆಯುವ ಇನ್ನೊಂದು ಸ್ಥಳವಿದೆ, ಕ್ಯಾನ್ಸರ್ ಗೆಡ್ಡೆ. ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ ಲ್ಯಾಕ್ಸ್ ಎಂಬ ಮಹಿಳೆ 1951ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ ತಿಳಿಸದೆಯೇ ಅವರ ಗೆಡ್ಡೆಯಿಂದ ತೆಗೆದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ವಿಭಜನೆಗೊಳ್ಳುತ್ತಿವೆ. ಕೋಶಗಳಿಗೆ ಸಾವಿಲ್ಲವಾಯಿತು, ಆ ಕೋಶಗಳ ಒಡತಿ 31ನೆಯ ವಯಸ್ಸಿಗೇ ಸತ್ತರು. ವಿಭಜನೆಗೆ ಹಾಕಿದ ಮಿತಿ ದೇಹವನ್ನು ಕ್ಯಾನ್ಸರಿನಿಂದ ಕಾಯುವ ಒಂದು ಬೇಲಿಯೂ ಹೌದು.

ಆದರೆ ಮುಪ್ಪಿಗೆ ಟೀಲೋಮಿಯರ್ ಒಂದೇ ಕಾರಣವೆಂದು ತಿಳಿಯಬಾರದು. ಪ್ರಯೋಗಶಾಲೆಯ ಇಲಿಗಳ ಟೀಲೋಮಿಯರ್ ಮನುಷ್ಯನದಕ್ಕಿಂತ ಉದ್ದ, ಆಯುಸ್ಸು ಮೂರೇ ವರ್ಷ. ತಿದ್ದದೆ ಉಳಿದ ಡಿಎನ್‌ಎ ದೋಷಗಳು ಸೇರುತ್ತ ಹೋಗುತ್ತವೆ. ಬದಲಾಯಿಸಲಾಗದ ಪ್ರೋಟೀನುಗಳು ಕೆಡುತ್ತವೆ. ಕಣ್ಣಿನ ಮಸೂರದ ಒಳತಿರುಳಿನ ಪ್ರೋಟೀನುಗಳು ಹುಟ್ಟುವ ಮೊದಲೇ ಸಿದ್ಧವಾದವು. ಮುಂದೆಂದೂ ಅವು ಹೊಸದಾಗುವುದಿಲ್ಲ. ವರ್ಷಗಳು ಕಳೆದಂತೆ ಮಸೂರ ಬಿರುಸಾಗಿ 40ರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಹಿಂದಿಯಲ್ಲಿ ನಲವತ್ತೆಂಬ ಅರ್ಥವುಳ್ಳ ‘ಚಾಳೀಸು’ ಎಂಬ ಪದವೇ ಆ ಕನ್ನಡಕದ ಹೆಸರಾಗಿ ಕನ್ನಡಕ್ಕೆ ಬಂದಿರುವುದು ಸ್ವಾರಸ್ಯಕರವಾಗಿದೆ.

ಕೋಶದ ಸಾವೆಲ್ಲವೂ ದೇಹಕ್ಕೆ ಹಾನಿಯಲ್ಲ. ಗರ್ಭದಲ್ಲಿ ಮಗುವಿನ ಕೈ ಮೊದಲು ದೋಣಿಯ ಹುಟ್ಟಿನಂತೆ ಇರುತ್ತದೆ. ಬೆರಳುಗಳ ನಡುವಣ ಕೋಶಗಳು ಸತ್ತು ಹೋಗುವುದರಿಂದಲೇ ಬೆರಳುಗಳು ಬಿಡಿಯಾಗುತ್ತವೆ. ಗೊದಮೊಟ್ಟೆಯ ಬಾಲ ಕರಗಿದ ಹೊರತು ಕಪ್ಪೆಯಿಲ್ಲ. ಮಣ್ಣಿನಲ್ಲಿ ವಾಸಿಸುವ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಬೆಳವಣಿಗೆಯ ಕಾಲಕ್ಕೆ 1,090 ದೇಹಕೋಶಗಳು ಹುಟ್ಟುತ್ತವೆ; ಅವುಗಳಲ್ಲಿ 131 ಗೊತ್ತಾದ ಸ್ಥಳದಲ್ಲಿ, ಗೊತ್ತಾದ ಸಮಯದಲ್ಲಿ ತಪ್ಪದೆ ಸಾಯುತ್ತವೆ. ಈ ಕ್ರಮಬದ್ಧ ಸಾವಿಗೆ 1972ರಲ್ಲಿ ಮೂವರು ವಿಜ್ಞಾನಿಗಳು ‘ಅಪಾಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದು ಮರದಿಂದ ಎಲೆ ಉದುರುವುದನ್ನು ಸೂಚಿಸುವ ಮಾತು. ಹೋಲಿಕೆ ಬಹಳ ಚೆನ್ನಾಗಿದೆ. ಬೇಸಗೆಯ ಮುನ್ನ ತೇಗದ ಮರ ಎಲೆಗಳಲ್ಲಿರುವ ಸಾರಜನಕ ಮೊದಲಾದ ಸತ್ವವನ್ನು ಹಿಂದಕ್ಕೆ ಹೀರಿಕೊಂಡು, ತೊಟ್ಟಿನ ಬುಡದಲ್ಲಿ ತಡೆಪದರ ಕಟ್ಟಿ, ಅನಂತರ ಎಲೆಯನ್ನು ಕಳಚುತ್ತದೆ. ಎಲೆ ಸಾಯುವುದರಿಂದ ಮರ ಬೇಸಗೆಯನ್ನು ದಾಟುತ್ತದೆ.

ಎಲೆಯ ಸಾವಿನಿಂದ ಮರಕ್ಕೆ ಲಾಭವಾಗುವಂತೆ, ಮುದುಕರ ಸಾವಿನಿಂದ ಇಡೀ ಜಾತಿಗೆ ಲಾಭವೇ? ವೈಸ್‌ಮನ್ ಮೊದಲು ಹಾಗೆಯೇ ಭಾವಿಸಿದ್ದ: ಸವೆದವರು ಎಳೆಯರಿಗೆ ಸ್ಥಳ ಬಿಟ್ಟುಕೊಡಲೆಂದು ಸಾವು ಏರ್ಪಟ್ಟಿದೆ ಎಂದು. ಕೇಳಲು ಹಿತವಾಗಿದ್ದರೂ ಈ ವಾದ ನಿಲ್ಲುವುದಿಲ್ಲ. ಮುದುಕರು ಸವೆದಿರುವುದೇಕೆ ಎಂಬುದೇ ಪ್ರಶ್ನೆಯಾಗಿರುವಾಗ ಅವರು ಸವೆದಿದ್ದಾರೆಂಬುದನ್ನೇ ಉತ್ತರವಾಗಿ ಕೊಟ್ಟಂತಾಯಿತು. ಅಲ್ಲದೆ ಕಾಡಿನಲ್ಲಿ ಮುದಿಯಾಗುವವರೆಗೆ ಬದುಕುವ ಪ್ರಾಣಿಗಳು ಕಡಿಮೆ. ಹಸಿವು, ರೋಗ, ಹುಲಿ ಚಿರತೆಗಳು ಅದಕ್ಕೆ ಅವಕಾಶ ಕೊಡುವುದಿಲ್ಲ.

ಸರಿಯಾದ ದಿಕ್ಕನ್ನು ತೋರಿಸಿದವನು ಇಂಗ್ಲೆಂಡಿನ ಪೀಟರ್ ಮೆಡವಾರ್. 1951ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಅವನು ಪ್ರಯೋಗಶಾಲೆಯ ಗಾಜಿನ ನಳಿಕೆಗಳ ನಿದರ್ಶನವನ್ನು ಬಳಸಿದ. ಅದನ್ನು ಉಪಾಹಾರ ಮಂದಿರದ ಲೋಟಗಳಿಗೆ ಅನ್ವಯಿಸಿ ನೋಡಬಹುದು. ಒಂದು ಮಂದಿರದಲ್ಲಿ 1,000 ಗಾಜಿನ ಲೋಟಗಳಿವೆ. ಪ್ರತಿ ವರ್ಷ ಅರ್ಧದಷ್ಟು ಕೈಜಾರಿ ಒಡೆಯುತ್ತವೆ ಎಂದಿಟ್ಟುಕೊಳ್ಳೋಣ. ಲೋಟಗಳಿಗೆ ಮುಪ್ಪಿಲ್ಲ, ಹಳೆಯದೂ ಹೊಸದೂ ಒಂದೇ ಸಮನಾಗಿ ಒಡೆಯುತ್ತವೆ. ಆದರೂ ಒಂದು ವರ್ಷಕ್ಕೆ 500, ಎರಡು ವರ್ಷಕ್ಕೆ 250, ಮೂರು ವರ್ಷಕ್ಕೆ 125 ಉಳಿದು, 10 ವರ್ಷಗಳ ಕೊನೆಗೆ ಉಳಿಯುವುದು ಒಂದೇ ಒಂದು. ಈಗ ಲೋಟಗಳಲ್ಲಿ ಒಂದನೆಯ ವರ್ಷವೇ ಬಿರುಕು ಬಿಡಿಸುವ ದೋಷವಿದ್ದರೆ ನಷ್ಟ ಅಪಾರ. ಅದೇ ದೋಷ 10ನೆಯ ವರ್ಷದಲ್ಲಿ ತಲೆಹಾಕುವಂತಿದ್ದರೆ ನಷ್ಟವಾಗುವುದು ಸಾವಿರಕ್ಕೆ ಒಂದು ಲೋಟ. ಅದನ್ನು ಮಂದಿರದ ಯಜಮಾನ ಗಮನಿಸುವುದೇ ಇಲ್ಲ.

ಪ್ರಕೃತಿಯ ಆಯ್ಕೆಯ ನಡವಳಿಕೆಯೂ ಆ ಯಜಮಾನನದರಂತೆಯೇ ಇದೆ. ಎಳೆತನದಲ್ಲಿ ಕೊಲ್ಲುವ ಆನುವಂಶಿಕ ದೋಷ ಸಂತಾನಕ್ಕೆ ಮುಂದುವರಿಯದೆ ಅಳಿಯುತ್ತದೆ. ಮಕ್ಕಳಾದ ಮೇಲೆ ತಲೆದೋರುವ ದೋಷ ಅಷ್ಟರಲ್ಲಿ ಮಕ್ಕಳನ್ನು ಸೇರಿಯಾಗಿರುತ್ತದೆ. ಹಂಟಿಂಗ್‌ಟನ್ ಎಂಬ ನರರೋಗ ಸಾಮಾನ್ಯವಾಗಿ 30 ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುವುದರಿಂದಲೇ ಅದು ವಂಶಗಳಲ್ಲಿ ಉಳಿದುಬಂದಿದೆ ಎಂದು ಜೆ.ಬಿ.ಎಸ್. ಹಾಲ್ಡೇನ್ 1941ರಲ್ಲಿಯೇ ಗಮನಿಸಿದ್ದರು. ಈ ವಿಜ್ಞಾನಿ ಮುಂದೆ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. ಅಮೆರಿಕದ ಜಾರ್ಜ್ ವಿಲಿಯಮ್ಸ್ 1957ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಯೌವನದಲ್ಲಿ ಉಪಕಾರ ಮಾಡುವ ಜೀನು ವೃದ್ಧಾಪ್ಯದಲ್ಲಿ ಅಪಕಾರ ಮಾಡುವುದಾದರೂ ಆಯ್ಕೆ ಅದನ್ನು ಮೆಚ್ಚಿಯೇ ಉಳಿಸಿಕೊಳ್ಳುತ್ತದೆ ಎಂದು ತೋರಿಸಿದ.

ಈಗ ಆನೆಯ ಏಳನೆಯ ಹಲ್ಲಿನ ಲೆಕ್ಕ ಬಗೆಹರಿಯುತ್ತದೆ. ಕಾಡಿನಲ್ಲಿ 65 ದಾಟಿ ಬದುಕಿ, ಆ ಮೇಲೂ ಮರಿ ಹಾಕುವ ಆನೆಗಳು ಬಲು ಅಪರೂಪ. ಏಳನೆಯ ಹಲ್ಲು ಬೆಳೆಸುವ ಸಾಮರ್ಥ್ಯ ಯಾವುದಾದರೊಂದು ಆನೆಗೆ ಬಂದರೂ ಅದರಿಂದ ಅದರ ಸಂತಾನ ಹೆಚ್ಚುವುದಿಲ್ಲ; ಹೆಚ್ಚದ ಮೇಲೆ ಆ ಸಾಮರ್ಥ್ಯ ಹರಡುವುದೂ ಇಲ್ಲ. ಏಳನೆಯ ಹಲ್ಲನ್ನು ಯಾರೂ ನಿರಾಕರಿಸಲಿಲ್ಲ. ಅದನ್ನು ಕೇಳಲು ಅಲ್ಲಿ ಯಾರೂ ಉಳಿದಿರಲಿಲ್ಲ. ಇಲಿ ಮತ್ತು ಬಾವಲಿಯ ಅಂತರಕ್ಕೂ ಇದೇ ವಿವರಣೆ ಹೊಂದುತ್ತದೆ. ಬೆಕ್ಕು, ಹಾವು, ಗೂಬೆಗಳ ಬಾಯಿಗೆ ಬೇಗನೆ ಬೀಳುವ ಇಲಿಗೆ 10 ವರ್ಷ ಬಾಳುವ ದೇಹವನ್ನು ಕಟ್ಟುವುದು ದಂಡ. ಹಾರಿ ತಪ್ಪಿಸಿಕೊಳ್ಳುವ ಬಾವಲಿಗೆ ಅದು ಲಾಭ.

ಈ ಸಿದ್ಧಾಂತವನ್ನು ಪರೀಕ್ಷಿಸಲು ಸ್ಟೀವನ್ ಆಸ್ಟಡ್ ಅಮೆರಿಕದ ಜಾರ್ಜಿಯ ರಾಜ್ಯದ ಕರಾವಳಿಯಾಚೆಗಿನ ಸಪೆಲೊ ದ್ವೀಪಕ್ಕೆ ಹೋದ. ಬೆಕ್ಕಿನ ಗಾತ್ರದ, ಹೊಟ್ಟೆಚೀಲವುಳ್ಳ ಅಪೋಸಮ್ ಎಂಬ ಪ್ರಾಣಿಗಳು ಅಲ್ಲಿ ಸಾವಿರಾರು ವರ್ಷಗಳಿಂದ ಬೇಟೆಮೃಗಗಳ ಕಾಟವಿಲ್ಲದೆ ಬದುಕಿವೆ. ಒಳನಾಡಿನ ಅಪೋಸಮ್‌ಗಳು ಎರಡು ವರ್ಷ ತುಂಬುವುದರೊಳಗೆ ಮುಪ್ಪಿನಿಂದ ಕುಗ್ಗಿದರೆ ದ್ವೀಪದವು ಅದಕ್ಕಿಂತ ನಿಧಾನವಾಗಿ ಮುದಿಯಾಗುತ್ತಿದ್ದವು. ಅವುಗಳ ಬಾಲದ ಸ್ನಾಯುರಜ್ಜುಗಳೂ ತಡವಾಗಿ ಬಿರುಸಾಗುತ್ತಿದ್ದವು. ಭಯವಿಲ್ಲದ ಸ್ಥಳದಲ್ಲಿ ಮುಪ್ಪು ತಲೆಮಾರುಗಳ ಮೇಲೆ ತಲೆಮಾರು ಹಿಂದೆ ಸರಿದಿತ್ತು. ಈ ಅಧ್ಯಯನ 1993ರಲ್ಲಿ ಪ್ರಕಟವಾಯಿತು.

ಮುಪ್ಪಿನ ವೇಗ ಮಾರ್ಪಡಬಲ್ಲದು ಎಂದಮೇಲೆ ಮನುಷ್ಯ ಅದನ್ನು ಮಾರ್ಪಡಿಸಬಲ್ಲನೇ? ಆಹಾರವನ್ನು ಪೋಷಕಾಂಶಗಳ ಕೊರತೆಯಾಗದಂತೆ ಕಡಿಮೆ ಮಾಡಿದರೆ ಇಲಿಗಳು ಹೆಚ್ಚು ಕಾಲ ಬದುಕುವುದನ್ನು ಕ್ಲೈವ್ ಮೆಕೇ 1935ರಲ್ಲಿ ತೋರಿಸಿದ. ಆ ದುಂಡುಹುಳುವಿನ ಒಂದೇ ಒಂದು ಜೀನನ್ನು ದುರ್ಬಲಗೊಳಿಸಿದರೆ ಅದರ ಆಯುಸ್ಸು ಇಮ್ಮಡಿಯಾಗುವುದೆಂದು ಸಿಂಥಿಯ ಕೆನ್ಯನ್ 1993ರಲ್ಲಿ ಕಂಡುಕೊಂಡರು. ಆದರೆ ಮನುಷ್ಯನ ಮುಪ್ಪನ್ನು ಹಿಮ್ಮೆಟ್ಟಿಸುವುದಾಗಿ ಸಾರಿ ಮಾರಾಟವಾಗುವ ಗುಳಿಗೆ, ಲೇಹ್ಯಗಳಿಗೆ ಇಂತಹ ಆಧಾರವಾವುದೂ ಇಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಅದು 70ರಷ್ಟಿದೆ. ಇದು ಮುಪ್ಪು ನಿಧಾನವಾದುದರ ಫಲವಲ್ಲ. ಲಸಿಕೆ, ಶುದ್ಧ ನೀರು, ಔಷಧಿಗಳಿಂದ ಶಿಶುಮರಣ ಇಳಿದುದರ ಫಲ. ಖಚಿತ ದಾಖಲೆಯಿರುವ ಅತಿ ದೀರ್ಘ ಮಾನವ ಆಯುಸ್ಸು ಫ್ರಾನ್ಸಿನ ಜೀನ್ ಕಾಲ್ಮೆಂಟ್ ಅವರದು. ಅವರು 1997ರಲ್ಲಿ 122ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಮೇಲೆ ಯಾರೂ ಆ ಎಣಿಕೆಯನ್ನು ಮುಟ್ಟಿಲ್ಲ.

ಆದರೂ ಜೀವದ್ರವ್ಯಕ್ಕೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿಯಿದೆ. ಹೆಣ್ಣುಮಗುವಿನ ಅಂಡಾಣುಗಳ ಮೂಲಕೋಶಗಳು ಅವಳು ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಅವಳು 35ನೆಯ ವಯಸ್ಸಿನಲ್ಲಿ ತಾಯಿಯಾದರೆ ಆ ಅಂಡಾಣುವಿಗೂ ಅಷ್ಟೇ ವಯಸ್ಸು. ಹಾಗಿದ್ದರೂ ಅದರಿಂದ ಹುಟ್ಟಿದ ಮಗುವಿನ ಚರ್ಮದಲ್ಲಿ 35 ವರ್ಷದ ಸುಕ್ಕಿಲ್ಲ. ಅದು ಸೊನ್ನೆಯಿಂದ ಆರಂಭಿಸುತ್ತದೆ. ಜಪಾನಿನ ಶಿನ್ಯ ಯಮನಾಕ ಇಲಿಯ ಚರ್ಮದ ಕೋಶಗಳಲ್ಲಿ ನಾಲ್ಕು ಜೀನುಗಳನ್ನು ಚುರುಕುಗೊಳಿಸಿ, ಅವನ್ನು ಭ್ರೂಣದ ಕೋಶಗಳಂತೆ ಮಾಡಬಹುದೆಂದು 2006ರಲ್ಲಿ ತೋರಿಸಿದರು. 2012ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಹೀಗೆ ಎಳೆಯದಾದ ಕೋಶಗಳಲ್ಲಿ ಟೀಲೋಮಿಯರ್‌ಗಳು ಮತ್ತೆ ಉದ್ದವಾಗಿದ್ದುವನ್ನು ಇತರರು ಕಂಡರು. ಆದರೆ ಅವು ತಾವು ಚರ್ಮವೆಂಬುದನ್ನೂ ಮರೆತಿದ್ದವು. ಬದುಕಿರುವ ಇಲಿಯ ಮೈಗೆ ಅವನ್ನು ಸೇರಿಸಿದಾಗ ಅಲ್ಲಿ ನರ, ಸ್ನಾಯು, ಮೃದ್ವಸ್ಥಿಗಳು ಒಂದರೊಳಗೊಂದು ಕಲಸಿಹೋದ ಗೆಡ್ಡೆ ಬೆಳೆಯಿತು. ಕೋಶವು ತನ್ನ ಕೆಲಸವನ್ನು ಮರೆಯದೆ ತನ್ನ ವಯಸ್ಸನ್ನು ಮಾತ್ರ ಮರೆಯುವಂತೆ ಮಾಡುವುದು ಹೇಗೆಂಬುದನ್ನು ಹಲವು ದೇಶಗಳ ಪ್ರಯೋಗಶಾಲೆಗಳಲ್ಲಿ ಈಗ ಹುಡುಕುತ್ತಿದ್ದಾರೆ.